ಕೋಲು ಯಾವ ಕೈಯಲ್ಲಿ?

ನಡಿಗೆ ನೋಡುವುದನ್ನು ಕಲಿಯಬೇಕೆನ್ನುವವರು ಮೊದಲು ಪಾದದ ಮೇಲಿನ ಕಣ್ಣು ತೆಗೆಯಬೇಕು. ಹೊಸಬರೆಲ್ಲ ಪಾದವನ್ನೇ ನೋಡುತ್ತಾರೆ. ಶೂ ಮಾರುವವರು ನಮಗೆ ಕಲಿಸಿದ್ದೇ ಅಷ್ಟು. ನೋಡಬೇಕಾದದ್ದು ಸೊಂಟ. ನಡೆಯುವವರ ಹಿಂದೆ ಹತ್ತು ಮಾರು ದೂರ ನಿಂತು, ಬೆಲ್ಟಿನ ಮಟ್ಟದಲ್ಲಿ ಒಂದು ಅಡ್ಡಗೆರೆ ಕಲ್ಪಿಸಿಕೊಳ್ಳಿ. ಆ ಗೆರೆ ಪ್ರತಿ ಹೆಜ್ಜೆಗೂ ಕೊಂಚ ವಾಲಿ ಮತ್ತೆ ಸಮನಾಗುತ್ತದೆ. ನಾಲ್ಕೈದು ಡಿಗ್ರಿ, ಅಷ್ಟೆ. ಅದಕ್ಕಿಂತ ತೀರಾ ಹೆಚ್ಚಿದ್ದರೆ ಅಥವಾ ಒಂದೇ ಕಡೆಗೆ ವಾಲುತ್ತಿದ್ದರೆ ಅಲ್ಲೇನೋ ಇದೆ.

ನಡಿಗೆ ಎಂದರೆ ಬಹುಪಾಲು ಒಂಟಿಕಾಲಿನ ಕೆಲಸ. ಎರಡೂ ಪಾದ ನೆಲದ ಮೇಲಿರುವುದು ನೂರರಲ್ಲಿ ಸುಮಾರು 20 ಪಾಲು ಹೊತ್ತು; ಉಳಿದಷ್ಟೂ ಹೊತ್ತು ಇಡೀ ಮೈ ಒಂದು ಕಾಲಿನ ಮೇಲೆ. ಆದರೂ ಎತ್ತಿದ ಕಾಲಿನ ಕಡೆಗೆ ನಾವು ಉರುಳುವುದಿಲ್ಲ. ನಿಂತ ಕಾಲಿನ ಸೊಂಟದ ಹೊರಬದಿಯಲ್ಲಿರುವ, ವೈದ್ಯರು ಗ್ಲೂಟಿಯಸ್ ಮೀಡಿಯಸ್ ಎನ್ನುವ ಸ್ನಾಯು ನಮ್ಮನ್ನು ಹಿಡಿದಿರುತ್ತದೆ. ಬೆಲ್ಟಿನ ಕೆಳಗೆ, ಪಕ್ಕದಲ್ಲಿ ಅಂಗೈ ಒತ್ತಿಟ್ಟುಕೊಂಡು ಒಂಟಿಕಾಲಲ್ಲಿ ನಿಂತು ನೋಡಿ, ಅದು ಕಲ್ಲಿನಂತೆ ಗಟ್ಟಿಯಾಗುವುದು ಕೈಗೇ ತಿಳಿಯುತ್ತದೆ. ಅದು ಸೋತರೆ ಎತ್ತಿದ ಕಾಲಿನ ಕಡೆ ಸೊಂಟ ಜಗ್ಗುತ್ತದೆ. ಜರ್ಮನಿಯ ಶಸ್ತ್ರವೈದ್ಯ ಟ್ರೆಂಡೆಲೆನ್‌ಬರ್ಗ್ ಇದನ್ನು ವಿವರಿಸಿದ್ದು 1895ರಲ್ಲಿ. ಎಕ್ಸ್‌ರೇ ಪತ್ತೆಯಾದದ್ದು ಅದೇ ವರ್ಷದ ನವೆಂಬರಿನಲ್ಲಿ. ಹಾಗಾಗಿ ಆತ ನೆಚ್ಚಿದ್ದು ಬರಿಗಣ್ಣನ್ನು. ಮೂಳೆ ವೈದ್ಯರು ಇಂದಿಗೂ ರೋಗಿಯನ್ನು ಒಂಟಿಕಾಲಲ್ಲಿ ನಿಲ್ಲಿಸಿ ಆ ಪರೀಕ್ಷೆ ಮಾಡುತ್ತಾರೆ.

ಇನ್ನು ಲೆಕ್ಕ. ಹೆದರಬೇಡಿ, ತಕ್ಕಡಿಯ ಲೆಕ್ಕಕ್ಕಿಂತ ಕಷ್ಟವಿಲ್ಲ. 60 ಕಿಲೋ ತೂಕದವರು ಬಲಗಾಲ ಮೇಲೆ ನಿಂತಾಗ, ಆ ಕಾಲನ್ನು ಬಿಟ್ಟು ಉಳಿದ ಸುಮಾರು 50 ಕಿಲೋ ಬಲಸೊಂಟದ ಕೀಲಿನ ಮೇಲಿರುತ್ತದೆ. ಆ ಭಾರ ಬೀಳುವುದು ಕೀಲಿನಿಂದ ಅಂದಾಜು 10 ಸೆಂಟಿಮೀಟರ್ ಒಳಗೆ. ಸ್ನಾಯುವಿಗೆ ಸಿಕ್ಕಿರುವುದು ಹೊರಗಡೆಯ 5 ಸೆಂಟಿಮೀಟರ್ ಮಾತ್ರ. ಹಾಗಾಗಿ ಅದು 100 ಕಿಲೋ ಬಲದಿಂದ ಎಳೆಯಬೇಕು. ಎರಡೂ ಕೂಡಿ ಕೀಲಿನ ಮೇಲೆ 150 ಕಿಲೋ, ಅಂದರೆ ಮೈತೂಕದ ಎರಡೂವರೆ ಪಟ್ಟು. ಅದೂ ಪ್ರತಿ ಹೆಜ್ಜೆಗೂ! ಹೊರುವ ಭಾರಕ್ಕಿಂತ ಎಷ್ಟೋ ಹೆಚ್ಚು ಬಲವನ್ನು ಸ್ನಾಯುಗಳು ಹಾಕಬೇಕಾಗುತ್ತದೆಂದು ಇಟಲಿಯ ವಿಜ್ಞಾನಿ ಬೊರೆಲ್ಲಿ 17ನೇ ಶತಮಾನದಲ್ಲೇ ಲೆಕ್ಕ ಹಾಕಿದ್ದ. ಅವನ ಗ್ರಂಥ ಅಚ್ಚಾದದ್ದು ಅವನು ತೀರಿಕೊಂಡ ಮೇಲೆ, 1680-81ರಲ್ಲಿ.

ಬಲಸೊಂಟ ನೋಯುವವರು ಬಲಗಾಲು ಊರಿದಾಗಲೆಲ್ಲ ಭುಜವನ್ನು ಬಲಕ್ಕೇ ವಾಲಿಸುತ್ತಾರೆ. ನೋವಿರುವ ಕಡೆಗೇ ಭಾರ ಹಾಕುವುದೇ ಎಂದು ಮನೆಯವರು ಗದರುತ್ತಾರೆ. ಪಾಪ, ಅವರ ಮೈ ಮಾಡುತ್ತಿರುವುದು ಸರಿಯಾದದ್ದನ್ನೇ: ಆ 10 ಸೆಂಟಿಮೀಟರನ್ನು ಐದೋ ಆರೋ ಮಾಡಿ ಸ್ನಾಯುವಿನ ಹೊರೆ ಇಳಿಸುತ್ತಿದೆ. ನಮ್ಮ ಸಿನಿಮಾ ನಟರು ಕುಂಟುವಾಗ ಕಾಲೆಳೆಯುತ್ತಾರೆಯೇ ಹೊರತು ಭುಜ ಅಲ್ಲಾಡಿಸುವುದಿಲ್ಲ; ಸೊಂಟನೋವಿನ ನಟನೆ ಸುಳ್ಳಾಗಿ ಕಾಣುವುದು ಅಲ್ಲೇ.

ಅದೇ ಬಲಸೊಂಟ ನೋಯುವವರು ಎಡಗೈಯಲ್ಲಿ ಕೋಲು ಹಿಡಿದು ಬರೀ 5 ಕಿಲೋ ಬಲದಿಂದ ನೆಲಕ್ಕೆ ಒತ್ತಿದರೆ? ಆ ಕೈಗೂ ಬಲಸೊಂಟದ ಕೀಲಿಗೂ ಅರ್ಧ ಮೀಟರಿನಷ್ಟು ಅಂತರ. ಹಾಗಾಗಿ ಆ 5 ಕಿಲೋ ಸ್ನಾಯುವಿನ ಅರ್ಧ ಕೆಲಸವನ್ನೇ ಹೊತ್ತುಕೊಳ್ಳುತ್ತದೆ, ಕೀಲಿನ ಮೇಲಿನ 150 ಕಿಲೋ 95ಕ್ಕೆ ಇಳಿಯುತ್ತದೆ. ಇದು ಕಾಗದದ ಲೆಕ್ಕ. ಕೃತಕ ಕೀಲಿನೊಳಗೇ ಮಾಪಕವಿಟ್ಟು ಅಳೆದವರಿಗೆ ಸಿಕ್ಕ ಇಳಿಕೆ ಇದಕ್ಕಿಂತ ಕಡಿಮೆ, ಆದರೆ ಇಳಿಯುವುದಂತೂ ನಿಜ. ಕೋಲನ್ನು ನೋವಿನ ಕಡೆಯ ಕೈಯಲ್ಲೇ ಹಿಡಿದರೆ ಆ ಸ್ನಾಯುವಿಗೆ ಈ ನೆರವು ಸಿಗುವುದಿಲ್ಲ. ತರಕಾರಿ ಚೀಲದ ವಿಷಯ ತಿರುಗುಮುರುಗು: ಅದು ನೋವಿನ ಕಡೆಯ ಕೈಯಲ್ಲೇ ಇರಲಿ, ಹಗುರವಾಗಿಯೂ ಇರಲಿ.

ಹೆಜ್ಜೆ ಎಣಿಸುವ ಗಡಿಯಾರಗಳು ಇದಾವುದನ್ನೂ ಹೇಳುವುದಿಲ್ಲ. ಅವುಗಳ ಮೇಲೆ ನನಗೆ ಅಂಥ ಗೌರವವೂ ಇಲ್ಲ.

ಮನೆಯಲ್ಲಿ ಕೋಲು ಹಿಡಿಯುವ ಅಜ್ಜಿಯೋ ಮಾವನೋ ಇದ್ದರೆ ಇವತ್ತೇ ಗಮನಿಸಿ. ನೋವು ಬಲಕ್ಕಿದ್ದರೆ ಕೋಲು ಎಡಗೈಗೆ ಬರಲಿ, ನೋವಿನ ಕಾಲಿಡುವಾಗಲೇ ಕೋಲೂ ಮುಂದೆ ಹೋಗಲಿ. ಕೈ ಇಳಿಬಿಟ್ಟು ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಮಟ್ಟಕ್ಕಿರಬೇಕು; ಉದ್ದವಿದ್ದರೆ ಮುಲಾಜಿಲ್ಲದೆ ಕತ್ತರಿಸಿ, ತುದಿಗೆ ರಬ್ಬರ್ ಬುಷ್ ಹಾಕಿಸಿ.