ಸರಿ ಬಾರದ ಫೋಟೋ ಯಾರ ಲೆಕ್ಕಕ್ಕೆ?

ಫೋಟೋ ಸ್ಪಷ್ಟವಾಗಿಲ್ಲದಿದ್ದರೆ ತಿರಸ್ಕರಿಸು, ಒಂದು ಮೆಸೇಜ್ ತೋರಿಸು. ಇಂಥ ಕೋಡ್ ಬರೆಯೋಕೆ ನಮಗೆ ಎರಡು ನಿಮಿಷ ಸಾಕು. ನಾನೂ ಎಷ್ಟೋ ಸಲ ಬರೆದಿದ್ದೇನೆ. ರಿವ್ಯೂನಲ್ಲಿ ಯಾರೂ ತಕರಾರು ತೆಗೆದಿಲ್ಲ. ಕೆಟ್ಟ ಇನ್‌ಪುಟ್ ಒಳಗೆ ಬಿಡಬಾರದು ಅನ್ನೋದು ಬಿಇ ಓದುವಾಗಲೇ ತಲೆಗೆ ಹತ್ತಿದ ಪಾಠ. ಆದರೆ ಆ ಮೆಸೇಜ್ ಓದಿದವರು ಆಮೇಲೆ ಎಲ್ಲಿಗೆ ಹೋಗ್ತಾರೆ? ಆ ಪ್ರಶ್ನೆ ಯಾವ ಟಿಕೆಟ್‌ನಲ್ಲೂ ಇರೋದಿಲ್ಲ. ಆಸ್ಪತ್ರೆಗೆ ಬರುತ್ತಿರುವ ಎಐ ಬಗ್ಗೆ ನನ್ನ ಮುಖ್ಯ ತಕರಾರು ಇದೇ.

ಒಂದು ಉದಾಹರಣೆ ಹೇಳ್ತೀನಿ. ಸಕ್ಕರೆ ಕಾಯಿಲೆ ಬಹಳ ವರ್ಷ ಇದ್ದವರಲ್ಲಿ ಕಣ್ಣಿನ ಹಿಂಭಾಗದ ಅಕ್ಷಿಪಟಲದ ಸಣ್ಣ ರಕ್ತನಾಳಗಳು ಹಾಳಾಗಬಹುದು. ಡಯಾಬಿಟಿಕ್ ರೆಟಿನೋಪತಿ ಅಂದರೆ ಇದೇ. ಶುರುವಿನಲ್ಲಿ ನೋವಿಲ್ಲ, ದೃಷ್ಟಿಯೂ ಮಂಜಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತೆ. ಅದಕ್ಕೇ ಶುಗರ್ ಇರೋರು ವರ್ಷಕ್ಕೊಮ್ಮೆಯಾದರೂ ಅಕ್ಷಿಪಟಲ ತೋರಿಸಬೇಕು ಅಂತ ಡಾಕ್ಟರು ಹೇಳೋದು.

2016ರಲ್ಲಿ ಗೂಗಲ್‌ನ ಸಂಶೋಧಕರು ಅಕ್ಷಿಪಟಲದ ಫೋಟೋ ನೋಡಿ ಈ ಕಾಯಿಲೆ ಗುರುತಿಸುವ ಅಲ್ಗಾರಿದಮ್ ಅನ್ನು ವೈದ್ಯಕೀಯ ಪತ್ರಿಕೆ ಜಾಮಾದಲ್ಲಿ ಪ್ರಕಟಿಸಿದರು. ಅದಕ್ಕೆ ಕಲಿಸಿದ್ದು ಸುಮಾರು 1 ಲಕ್ಷ 28 ಸಾವಿರ ಫೋಟೋಗಳಿಂದ. ಅವುಗಳಲ್ಲಿ ಅರವಿಂದ್, ಶಂಕರ ನೇತ್ರಾಲಯದಂಥ ನಮ್ಮ ದೇಶದ ಆಸ್ಪತ್ರೆಗಳ ಫೋಟೋಗಳೂ ಇದ್ದವು. ಫಲಿತಾಂಶ ನಿಜಕ್ಕೂ ದೊಡ್ಡದು. ಗಂಭೀರವಾದ ಕಾಯಿಲೆ ಇದ್ದ ನೂರು ಫೋಟೋ ಕೊಟ್ಟರೆ ತೊಂಬತ್ತಾರು, ತೊಂಬತ್ತೇಳನ್ನು ಹಿಡಿಯುವಂತೆ ಅದನ್ನು ಹೊಂದಿಸಬಹುದಿತ್ತು. ನಾವೆಲ್ಲ ಆ ಸುದ್ದಿ ಶೇರ್ ಮಾಡಿದ್ದೇ ಮಾಡಿದ್ದು. ನಾನೂ ಮಾಡಿದ್ದೆ. ಆದರೆ ಆ ಅಂಕಗಳು ಓದಲು ಬರುವಷ್ಟು ಸ್ಪಷ್ಟವಾಗಿದ್ದ ಫೋಟೋಗಳ ಮೇಲೆ ಬಂದವು. ಆಗ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಆಮೇಲೆ ಇದು ಥಾಯ್ಲೆಂಡಿಗೆ ಹೋಯಿತು. ಅಲ್ಲಿ ಸುಮಾರು 45 ಲಕ್ಷ ಮಂದಿಗೆ ಸಕ್ಕರೆ ಕಾಯಿಲೆ. ಅಕ್ಷಿಪಟಲದ ತಜ್ಞರು ಇನ್ನೂರರ ಆಸುಪಾಸು. ಕ್ಲಿನಿಕ್‌ನಲ್ಲಿ ನರ್ಸ್ ಫೋಟೋ ತೆಗೆದು ದೂರದ ಡಾಕ್ಟರಿಗೆ ಕಳಿಸಿದರೆ ಉತ್ತರ ಬರೋಕೆ ವಾರಗಟ್ಟಲೆ ಬೇಕಿತ್ತು. ಎಐ ಕೆಲವೇ ನಿಮಿಷದಲ್ಲಿ ಹೇಳಿಬಿಡುತ್ತೆ ಅಂದರೆ ಯಾರಿಗೆ ಬೇಡ? ಪಥುಂ ಥಾನಿ ಮತ್ತು ಚಿಯಾಂಗ್ ಮಾಯ್ ಪ್ರಾಂತ್ಯಗಳ 11 ಕ್ಲಿನಿಕ್‌ಗಳಲ್ಲಿ ಏನಾಯಿತು ಅಂತ ಗೂಗಲ್‌ನವರೇ 2020ರಲ್ಲಿ ಬರೆದರು. ಮೊದಲ ಆರು ತಿಂಗಳಲ್ಲಿ ಕೊಟ್ಟ 1,838 ಫೋಟೋಗಳಲ್ಲಿ ಶೇಕಡಾ 21ರಷ್ಟನ್ನು ಯಂತ್ರ ಗುಣಮಟ್ಟ ಸಾಲದು ಅಂತ ತಳ್ಳಿಹಾಕಿತ್ತು. ಐದಕ್ಕೆ ಒಂದಕ್ಕಿಂತ ಜಾಸ್ತಿ.

ಕಾರಣಗಳು ತೀರಾ ಸಾಮಾನ್ಯ. ಕತ್ತಲಿದ್ದರೆ ಕಣ್ಣಿನ ಪಾಪೆ ಹಿಗ್ಗಿ ಫೋಟೋ ಚೆನ್ನಾಗಿ ಬರುತ್ತೆ; ಆದರೆ ಹನ್ನೊಂದರಲ್ಲಿ ಎರಡೇ ಕ್ಲಿನಿಕ್‌ಗಳಲ್ಲಿ ಈ ಕೆಲಸಕ್ಕೆ ಅಂತಲೇ ಕತ್ತಲು ಮಾಡಬಹುದಾದ ಕೋಣೆ ಇತ್ತು. ಫೋಟೋ ಇಂಟರ್ನೆಟ್ ಮೂಲಕ ಹೋಗಬೇಕು. ನೆಟ್ ನಿಧಾನವಾದರೆ ಸಾಲು ಬೆಳೆಯುತ್ತೆ. ಒಂದು ಕಡೆ ಎರಡು ಗಂಟೆ ನೆಟ್ ಹೋದದ್ದಕ್ಕೆ ದಿನಕ್ಕೆ 200 ಜನರನ್ನು ನೋಡುವಲ್ಲಿ 100ಕ್ಕೆ ಇಳಿಯಿತು. ಫೋಟೋ ಸರಿ ಬರದಿದ್ದವರು ಬೇರೆ ದಿನ ಬೇರೆ ಆಸ್ಪತ್ರೆಗೆ ಹೋಗಬೇಕಿತ್ತು. ಆ ತಾಪತ್ರಯ ಗೊತ್ತಿದ್ದ ಕೆಲವು ನರ್ಸ್‌ಗಳು ಈ ಪ್ರಯೋಗಕ್ಕೆ ಸೇರೋದೇ ಬೇಡ ಅಂತ ರೋಗಿಗಳಿಗೆ ಸೂಚಿಸಿದ್ದೂ ಉಂಟು.

ಆ ನರ್ಸ್‌ಗಳ ಮಾತು ನನಗೆ ತಕ್ಷಣ ಅರ್ಥವಾಯಿತು. ಅಮ್ಮನಿಗೆ ಶುಗರ್ ಇದೆ. ಕೆಲವು ವರ್ಷದ ಹಿಂದೆ ನಮ್ಮೂರಿನ ಹತ್ತಿರ ಒಂದು ಕಣ್ಣಿನ ಶಿಬಿರ ಮಾಡಿದ್ದರು. ಅಲ್ಲಿ ಎಐ ಗೀಐ ಏನೂ ಇರಲಿಲ್ಲ, ಬರೀ ಕ್ಯಾಮೆರಾ. ಫೋಟೋ ಸರಿ ಬಂದಿಲ್ಲ, ಜಿಲ್ಲಾಸ್ಪತ್ರೆಗೆ ಹೋಗಿ ಅಂತ ಚೀಟಿ ಕೊಟ್ಟು ಕಳಿಸಿದರು. "ಯಾವಾಗ ಹೋಗ್ತೀಯಮ್ಮ?" ಅಂತ ಫೋನಿನಲ್ಲಿ ಕೇಳಿದೆ. "ಸರಿ ಬಂದಿಲ್ಲ ಅಂದ್ರೆ ಏನೂ ಇಲ್ಲ ಅಂತ ತಾನೆ ಮಗಾ? ಕೊಯ್ಲು ಮುಗೀಲಿ ಬಿಡು" ಅಂದರು. ಆರು ಗಂಟೆ ಬಸ್ಸು, ಹಸು ಕರೆಯೋಕೆ ಇನ್ನೊಬ್ಬರು, ಒಂದು ದಿನದ ಕೆಲಸ. ಆ ಚೀಟಿಯ ನಿಜವಾದ ಬೆಲೆ ಅಷ್ಟು. ಮೂರು ತಿಂಗಳಾದ ಮೇಲೆ ನಾನೇ ರಜೆ ಹಾಕಿ ಕರಕೊಂಡು ಹೋದೆ. ಡಾಕ್ಟರು ನೋಡಿ, ಪೊರೆ ಬಂದಿದೆ, ಅದಕ್ಕೇ ಫೋಟೋ ಮಂಜಾಗಿದ್ದು ಅಂದರು.

ನನ್ನ ಟೀಕೆಯ ಮುಳ್ಳು ಇರೋದು ಇಲ್ಲೇ. ತಿರಸ್ಕಾರವಾಗುವ ಫೋಟೋಗಳು ಲಾಟರಿಯ ಹಾಗೆ ಯಾರದೋ ಆಗಿರುವುದಿಲ್ಲ. ವಯಸ್ಸಾದವರ ಪಾಪೆ ಚಿಕ್ಕದಾಗುತ್ತೆ, ಪೊರೆ ಬರುತ್ತೆ. ಶುಗರ್ ಇದ್ದವರಿಗೆ ಪೊರೆ ಬೇಗ ಬರುವ ಸಾಧ್ಯತೆಯೂ ಹೆಚ್ಚು. ಅಂದರೆ ಡಾಕ್ಟರ ಕೈಗೆ ಮೊದಲು ಸಿಗಬೇಕಾದವರಲ್ಲೇ ಹಲವರು ನಮ್ಮ ಲೆಕ್ಕದಿಂದ ಹೊರಗೆ ಬೀಳ್ತಾರೆ. ಉಳಿದ ಸುಲಭದ ಕಣ್ಣುಗಳ ಮೇಲೆ ಅಂಕ ಹಾಕಿ ನಾವು ಚಪ್ಪಾಳೆ ತಟ್ಟುತ್ತೇವೆ. ಕಷ್ಟದ ಮಕ್ಕಳನ್ನು ಪರೀಕ್ಷೆಗೆ ಕೂರಿಸದೆ ಶಾಲೆಗೆ ನೂರಕ್ಕೆ ನೂರು ಫಲಿತಾಂಶ ತಂದ ಹೆಡ್‌ಮಾಸ್ಟರ ಕಥೆಯಿದು.

ಹಾಗಂತ ಮಂಜು ಫೋಟೋ ನೋಡಿ ಯಂತ್ರ "ನಾರ್ಮಲ್" ಅನ್ನಬೇಕಿತ್ತಾ? ಖಂಡಿತ ಬೇಡ, ಅದು ಇನ್ನೂ ಅಪಾಯ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನೋ ಯಂತ್ರವೇ ಒಳ್ಳೆಯದು. ಆದರೆ "ಗೊತ್ತಿಲ್ಲ" ಅಂದ ಮೇಲೆ ಏನು ಅನ್ನೋದನ್ನು ಮೊದಲೇ ಕಟ್ಟಬೇಕು. ಥಾಯ್ಲೆಂಡಿನಲ್ಲಿ ಆಮೇಲೆ ಅದನ್ನೇ ಮಾಡಿದರು: ಸರಿ ಬಾರದ ಫೋಟೋಗಳನ್ನು ಕಣ್ಣಿನ ಡಾಕ್ಟರು ರೋಗಿಯ ದಾಖಲೆಯ ಜೊತೆ ನೋಡಿ, ಆಮೇಲಷ್ಟೇ ದೂರ ಕಳಿಸೋದು. ಯಂತ್ರ ಕೂಡ ಸೋತಿಲ್ಲ. ಅಲ್ಲಿನ 7,651 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದು ಅಕ್ಷಿಪಟಲ ತಜ್ಞರಿಗೆ ಸರಿಸಮನಾಗಿ ನಿಂತಿತು. ನಮ್ಮ ಬೆಂಗಳೂರಿನ ರೆಮಿಡಿಯೋ ಕಂಪನಿ ಎಐ ಅನ್ನು ಕ್ಯಾಮೆರಾ ಜೋಡಿಸಿದ ಫೋನಿನೊಳಗೇ, ನೆಟ್ ಇಲ್ಲದೆಯೂ ನಡೆಯುವಂತೆ ಕೂರಿಸಿದೆ. ಎಲ್ಲಿ ಬಳಸ್ತಾರೆ ಅಂತ ಮೊದಲೇ ಯೋಚಿಸಿದವರ ಕೆಲಸ ಅದು.

ಹಾಗಾಗಿ ಇನ್ನು ಮುಂದೆ ಯಾರಾದರೂ ಆರೋಗ್ಯದ ಎಐ ಡೆಮೋ ಕೊಟ್ಟು ಶೇಕಡಾ ತೊಂಬತ್ತೇಳು ಅಂದರೆ, ನಾವು ಮೂರು ಸಂಖ್ಯೆ ಕೇಳೋಣ. ಕ್ಯಾಮೆರಾ ಮುಂದೆ ಕೂತವರು ಎಷ್ಟು ಜನ? ಅವರಲ್ಲಿ ಉತ್ತರ ತಗೊಂಡು ಎದ್ದವರೆಷ್ಟು? ಮುಂದಿನ ಆಸ್ಪತ್ರೆಗೆ ಹೋಗಿ ಅಂದಾಗ ನಿಜವಾಗಿ ಹೋಗಿ ಮುಟ್ಟಿದವರೆಷ್ಟು? ಮೂರನೆಯದು ಯಾವ ಸರ್ವರ್‌ನ ಲಾಗ್‌ನಲ್ಲೂ ಸಿಗೋದಿಲ್ಲ. ಯಾರಾದರೂ ಫೋನ್ ಮಾಡಿ ಕೇಳಬೇಕು.

ಅಮ್ಮನ ಪೊರೆ ಆಪರೇಷನ್ ಆಯಿತು, ಅಕ್ಷಿಪಟಲವನ್ನೂ ನೋಡಿದರು, ಸದ್ಯ ತೊಂದರೆ ಇಲ್ಲ. ಆ ಚೀಟಿ ಇನ್ನೂ ನನ್ನ ಹತ್ತಿರ ಇದೆ. ಎರರ್ ಮೆಸೇಜ್ ಬರೆಯುವಾಗ ಈಗ ಅದು ನೆನಪಾಗುತ್ತೆ.