ದಫ್ತರದಲ್ಲಿ ಅಜ್ಜಿಯ ಹೆಸರಿಲ್ಲ

ವಂಶದ ಮೂಲ ಹುಡುಕುವವರಿಗೆ ತೆಲಂಗಾಣದ ಮಾಗನೂರು ಒಳ್ಳೆಯ ಪರೀಕ್ಷೆ. ಕೃಷ್ಣೆಯ ಉತ್ತರ ದಂಡೆಯ ಈ ಸೀಮೆಯಲ್ಲಿ ಎಷ್ಟೋ ಮನೆಗಳ ಮಾತು ಕನ್ನಡ, ಕಚೇರಿಯ ಬರಹ ತೆಲುಗು, ಹಳೆಯ ಕಟ್ಟುಗಳು ಉರ್ದು. ಹೊಳೆ ದಾಟಿದರೆ ರಾಯಚೂರು. ಹೈದರಾಬಾದಿಗೋ ಬೆಂಗಳೂರಿಗೋ ನೌಕರಿಗೆ ಹೋದ ಮಕ್ಕಳು, ಕಡಲಾಚೆ ನೆಲೆಸಿದ ಮೊಮ್ಮಕ್ಕಳು ಊರಿಗೆ ಬಂದಾಗ ತಹಸೀಲ್ ಕಚೇರಿಗೆ ಹೋಗಿ ಮುತ್ತಜ್ಜನ ಹೆಸರು ಸಿಕ್ಕೀತೇ ಎಂದು ಕೇಳುವುದುಂಟು. ಎಷ್ಟೋ ಸಲ ಸಿಗುತ್ತದೆ. ನನ್ನ ತಕರಾರು ಇರುವುದು ಸಿಕ್ಕಿದ್ದನ್ನು ಓದುವ ರೀತಿಯ ಬಗ್ಗೆ. ಕಂದಾಯದ ಕಾಗದವನ್ನು ಮನೆತನದ ಚರಿತ್ರೆ ಎಂದು ಓದುತ್ತಾರೆ. ಅದು ಹೊಲದ ಚರಿತ್ರೆ. ಮನೆತನ ಅದರಲ್ಲಿ ಹಾದುಹೋಗುತ್ತದೆ ಅಷ್ಟೆ.

ಈ ಹವ್ಯಾಸದ ಪಾಠಗಳಲ್ಲಿ ಹೆಚ್ಚಿನವು ಅಮೆರಿಕದಿಂದ ಬಂದವು. ಅಲ್ಲಿ ಹೆಚ್ಚಿನ ಕಡೆ ಮದುವೆಯ ಪರವಾನಗಿ, ಉಯಿಲು, ಜಮೀನಿನ ಪತ್ರ ಎಲ್ಲಕ್ಕೂ ಕೌಂಟಿ ಕಚೇರಿಯನ್ನು ಕೇಳಿದರಾಯಿತು. ಜನಗಣತಿಯ ಮನೆಮನೆಯ ಹಾಳೆಗಳು 72 ವರ್ಷ ಕಳೆದ ಮೇಲೆ ಎಲ್ಲರಿಗೂ ತೆರೆಯುತ್ತವೆ. 1950ರ ಗಣತಿ 2022ರಲ್ಲಿ ತೆರೆಯಿತು. ನಮ್ಮ 1948ರ ಜನಗಣತಿ ಕಾಯ್ದೆಯ ಪ್ರಕಾರ ಗಣತಿಯ ಹಾಳೆಯನ್ನು ಸಾರ್ವಜನಿಕರು ನೋಡುವಂತಿಲ್ಲ. ದೇಶಕ್ಕೆಲ್ಲ ಒಂದೇ ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಶಾಲೆಯ ದಾಖಲಾತಿ ಪುಸ್ತಕ ಇದೆಯಲ್ಲ ಎನ್ನಬಹುದು. ಅದನ್ನು ನಂಬಿದರೆ ಅರ್ಧ ಊರು ಜೂನ್ 1ರಂದೇ ಹುಟ್ಟಿದ್ದು. ಹೀಗೆ ಒಂದೊಂದೇ ಬಾಗಿಲು ಮುಚ್ಚಿ ಕೊನೆಗೆ ಉಳಿಯುವುದು ಹೊಲದ ಕಾಗದ.

ಅದಾದರೂ ಒಂದೇ ಕಡೆ ಇಲ್ಲ. ಮಾಗನೂರು ಕೂತಲ್ಲೇ ಕೂತಿದೆ, ಅದರ ಕಾಗದಗಳು ತಿರುಗಾಡಿವೆ. ನಿಜಾಮರ ಕಾಲದಲ್ಲಿ ಇದು ಮಖ್ತಲ್ ತಾಲೂಕು, ಮಹಬೂಬನಗರ ಜಿಲ್ಲೆ. 1985ರಲ್ಲಿ ಆಂಧ್ರಪ್ರದೇಶ ತಾಲೂಕುಗಳನ್ನು ಒಡೆದು ಮಂಡಲ ಮಾಡಿತು. ಮುಂದೆ ಮಾಗನೂರು ಮಂಡಲದಿಂದಲೇ ಕೃಷ್ಣಾ ಮಂಡಲ ಬೇರೆಯಾಯಿತು. 2019ರ ಫೆಬ್ರವರಿಯಲ್ಲಿ ನಾರಾಯಣಪೇಟೆ ಜಿಲ್ಲೆ ಹುಟ್ಟಿತು. ನೆರೆಯ ಗದ್ವಾಲದ ಕಥೆ ಇನ್ನೂ ಗೋಜಲು. ಮೊದಲು ಸಂಸ್ಥಾನ, ಆಮೇಲೆ 1956ರ ನವೆಂಬರ್ 1ರವರೆಗೆ ರಾಯಚೂರು ಜಿಲ್ಲೆಯ ತಾಲೂಕು, ಅಂದು ಗದ್ವಾಲ, ಆಲಂಪುರ ಎರಡೂ ಆಂಧ್ರಕ್ಕೆ, ಉಳಿದ ರಾಯಚೂರು ಮೈಸೂರಿಗೆ, 2016ರಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆ. ಗದ್ವಾಲದ ಮುತ್ತಜ್ಜನನ್ನು ಹುಡುಕುವವನು ಎರಡು ರಾಜ್ಯಗಳ ಮೆಟ್ಟಿಲು ಹತ್ತಬೇಕು. ಅದಕ್ಕೂ ಹಿಂದಿನದು ಬೇಕೆಂದರೆ ಹೈದರಾಬಾದಿನ ತಾರ್ನಾಕದ ರಾಜ್ಯ ಪತ್ರಾಗಾರ.

ಸುಲಭಕ್ಕೆ ಸಿಗುವ ಹಳೆಯ ಕಾಗದವೆಂದರೆ 1954–55ರ ಖಾಸ್ರಾ ಪಹಣಿ. ತೆಲಂಗಾಣದ ಜಮೀನಿನ ಜಗಳಗಳಲ್ಲಿ ಇವತ್ತಿಗೂ ಮೊದಲು ಕೇಳುವುದು ಇದನ್ನೇ. ಇದರ ಹಿಂದಿನದು ಸೇತ್ವಾರು, ಅಳತೆಯ ನಂತರ ಬರೆದ ಸರ್ವೆ ನಂಬರಿನ ಪುಸ್ತಕ. ಹಳೆಯ ಕಾಗದದ ಇಸವಿ ಫಸಲಿಯಲ್ಲಿ ಇರುತ್ತದೆ. 590 ಕೂಡಿಸಿದರೆ ಹೆಚ್ಚುಕಡಿಮೆ ನಮ್ಮ ಇಸವಿ ಬರುತ್ತದೆ. 1358 ಫಸಲಿ ಎಂದರೆ 1948–49, ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೆ ಬಂದ ವರ್ಷ. ಇಷ್ಟು ತಿಳಿಯದೆ ಹೋದವರಿಗೆ ತಮ್ಮ ಅಜ್ಜ ವಿಜಯನಗರದ ಕಾಲದವನು ಎಂದು ಅನಿಸಿದರೆ ಆಶ್ಚರ್ಯವಿಲ್ಲ!

ಇನ್ನು ಹೆಸರಿನ ಪಾಡು. ಉರ್ದು ಬರಹದಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ, ಳಕಾರ ಣಕಾರಗಳಿಗೆ ಬೇರೆ ಅಕ್ಷರವಿಲ್ಲ. ಕಾಳಪ್ಪ ಕಾಲಪ್ಪನಾಗುತ್ತಾನೆ. ಆ ಕಾಲಪ್ಪನನ್ನು ತೆಲುಗಿಗೆ ಇಳಿಸುವ ಗುಮಾಸ್ತ ತನಗೆ ತಿಳಿದ ಹೆಸರಿಗೆ ಹೊಂದಿಸುತ್ತಾನೆ. ಮನೆಯಲ್ಲಿ ನಿಂಗಪ್ಪ, ಪಹಣಿಯಲ್ಲಿ ಲಿಂಗಪ್ಪ. ತೆಲುಗರಿಗೆ ಇಂಟಿಪೇರು ಬೇಕು, ನಮ್ಮವರಲ್ಲಿ ಎಷ್ಟೋ ಮನೆಗಳಿಗೆ ಅಂಥ ಅಡ್ಡಹೆಸರೇ ಇಲ್ಲ. ಆಗ ಖಾಲಿ ಜಾಗಕ್ಕೆ ಜಾತಿ ಬಂದು ಕೂರುತ್ತದೆ: ಕುರ್ವ ಭೀಮಪ್ಪ, ಬೋಯ ಹನುಮಂತ. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ಪದ್ಧತಿಯನ್ನೂ ಇದಕ್ಕೆ ಸೇರಿಸಿ. ಸಾಲಾಗಿ ಭೀಮಪ್ಪನ ಮಗ ಹನುಮಂತ, ಹನುಮಂತನ ಮಗ ಭೀಮಪ್ಪ. ಯಾವ ಭೀಮಪ್ಪನ ಹೊಲ ಯಾವ ಭೀಮಪ್ಪ ಮಾರಿದ ಎಂಬುದು ತೀರಿಹೋದ ಪಟವಾರಿಗೇ ಗೊತ್ತು. ಆಂಧ್ರದಲ್ಲಿ ಪಟೇಲ–ಪಟವಾರಿ ಪದ್ಧತಿಯನ್ನೇ 1984ರಲ್ಲಿ ತೆಗೆದುಹಾಕಿದರು, ತೆಲಂಗಾಣ 2020ರಲ್ಲಿ ಗ್ರಾಮ ಕಂದಾಯ ಅಧಿಕಾರಿಯ ಹುದ್ದೆಯನ್ನೂ ರದ್ದು ಮಾಡಿತು. ಊರಿನ ಮನೆಮನೆ ಬಲ್ಲವನು ಕಚೇರಿಯಲ್ಲಿ ಇಲ್ಲದೆ ಹೋದ.

ಹಾಗೆಂದು ಹೆಸರು ಸುಮ್ಮನೆ ತೊಡಕಲ್ಲ, ಬಲ್ಲವನಿಗೆ ಅದೇ ದಾರಿ. ತೆಲುಗು ಪಹಣಿಯಲ್ಲಿ ಸೂಗಪ್ಪ ಎಂದು ಕಂಡರೆ ಆ ಮನೆಗೂ ಹೊಳೆಯಾಚೆಯ ದೇವಸೂಗೂರಿನ ಸೂಗೂರೇಶ್ವರನಿಗೂ ನಂಟಿದೆ ಎಂದು ಊಹಿಸಬಹುದು. ಮನೆದೇವರು ಮೈಲಾಪುರದ ಮಲ್ಲಯ್ಯನಾದರೆ ಯಾದಗಿರಿ ಕಡೆಯ ಮೂಲವನ್ನು ವಿಚಾರಿಸಬೇಕು. ಕಂದಾಯ ಇಲಾಖೆ ಇದನ್ನು ಬೇಕೆಂದು ಬರೆದದ್ದಲ್ಲ. ಹೆಸರಿನ ಜೊತೆಗೆ ತಾನಾಗಿ ಬಂದದ್ದು.

ನಿಜವಾದ ವಂಶಾವಳಿ ಬೇಕಿದ್ದವರು ಜಗಳದ ಕಡತಗಳನ್ನು ಹುಡುಕಬೇಕು. ನನ್ನ ಮಟ್ಟಿಗೆ ಈ ಇಡೀ ಅಭ್ಯಾಸದ ಸಾರ ಇಲ್ಲಿದೆ, ಮತ್ತು ಕಡಿಮೆ ಜನ ಮುಟ್ಟುವುದೂ ಇದನ್ನೇ. ಹೈದರಾಬಾದ್ ಸಂಸ್ಥಾನದಲ್ಲಿ ಇನಾಮು ಹಿಡಿದವನ ಹಕ್ಕನ್ನು ವಿಚಾರಣೆ ಮಾಡಿ ಮುಂತಖಬ್ ಎಂಬ ಪತ್ರ ಕೊಡುತ್ತಿದ್ದರು. ಅವನು ಸತ್ತರೆ ವಿರಾಸತ್ ವಿಚಾರಣೆ. ಯಾರ ಮಗ ಯಾರು, ದತ್ತು ಯಾರು, ಪಾಲು ಯಾರಿಗೆ ಎಂದು ಅಣ್ಣತಮ್ಮಂದಿರು ಹೇಳಿಕೆ ಕೊಟ್ಟು, ಎದುರಾಳಿಗಳು ಅದನ್ನು ಅಲ್ಲಗಳೆದು, ಕೊನೆಗೆ ಶಜರಾ, ಅಂದರೆ ವಂಶವೃಕ್ಷ, ಕಡತಕ್ಕೆ ಸೇರುತ್ತಿತ್ತು. ಪೂಜಾರಿ, ಮಠದ ಅಯ್ಯನವರು, ದರ್ಗಾದ ಮುಜಾವರರು ಇಲ್ಲಿ ಸಿಗುವುದು ಸಹಜ. ಊರ ಚಾಕರಿಗೆ ಇನಾಮು ಪಡೆದ ತಳಾರಿ, ಕೆರೆಯ ನೀರು ಬಿಡುವ ನೀರಡಿ ಕೂಡ ಸಿಗಬಹುದು ಎಂಬುದು ಈ ಕಡತಗಳ ದೊಡ್ಡತನ. ಪಾಲಿನ ದಾವೆಗಳೂ ಹಾಗೆಯೇ. ಫಿರ್ಯಾದಿಯಲ್ಲಿ ಮೂಲಪುರುಷನಿಂದ ಇಳಿದ ವಂಶವೃಕ್ಷ ಇರಲೇಬೇಕು, ಪ್ರತಿವಾದಿ ಅದರಲ್ಲಿ ತಪ್ಪು ಹುಡುಕಲೇಬೇಕು. ಜುರಾಲಾ ಯೋಜನೆಯಂಥ ನೀರಾವರಿ ಕೆಲಸಗಳಿಗೆ ಹೊಲ ಕೊಟ್ಟವರ ಭೂಸ್ವಾಧೀನ ಕಡತಗಳಲ್ಲೂ ಪರಿಹಾರದ ಪಾಲಿಗಾಗಿ ವಾರಸುದಾರರ ಪಟ್ಟಿ ಸಿಕ್ಕೀತು. ಪ್ರೀತಿಯಿಂದ ಬರೆದ ವಂಶಾವಳಿಯಲ್ಲಿ ಮೂಲಪುರುಷ ಯಾವಾಗಲೂ ಶೂರನೋ ದಾನಿಯೋ ಆಗಿರುತ್ತಾನೆ. ವೈರಿ ಪರೀಕ್ಷಿಸಿದ ವಂಶಾವಳಿಯಲ್ಲಿ ಅವನು ಬರೀ ಅಪ್ಪ.

ಹೊಲವೂ ಇಲ್ಲದ, ಇನಾಮೂ ಇಲ್ಲದ ಮನೆಗಳ ಗತಿ ಏನು? ಹಳೆಯ ಪಹಣಿಯಲ್ಲಿ ಪಟ್ಟಾದಾರನ ಪಕ್ಕ ಅನುಭವದಾರನ ಕಾಲಂ ಇತ್ತು. ಉತ್ತವನ ಹೆಸರು ಅಲ್ಲಿ ಸಿಗುತ್ತಿತ್ತು. 1950ರ ಹೈದರಾಬಾದ್ ಗೇಣಿ ಕಾಯ್ದೆಯಡಿ ಬರೆದ ರಕ್ಷಿತ ಗೇಣಿದಾರರ ಪಟ್ಟಿಯಲ್ಲೂ ಇಂಥವರಿದ್ದಾರೆ. 2020ರ ಅಕ್ಟೋಬರಿನಲ್ಲಿ ಬಂದ ಧರಣಿ ಎಂಬ ತೆಲಂಗಾಣದ ಆನ್‌ಲೈನ್ ಭೂದಾಖಲೆ ಆ ಅನುಭವದಾರನ ಕಾಲಂ ತೆಗೆದುಬಿಟ್ಟಿತು. 2025ರಲ್ಲಿ ಧರಣಿಯ ಜಾಗಕ್ಕೆ ಭೂಭಾರತಿ ಬಂದಿದೆ. ಕಂಪ್ಯೂಟರಿನಲ್ಲಿ ನೋಡಿ ಇಲ್ಲವೆಂದು ಹಿಂತಿರುಗಬೇಡಿ, ಹಳೆಯ ಕೈಬರಹದ ಪಹಣಿಯ ನಕಲು ಕೇಳಿ. ಕೂಲಿ ಮಾಡಿಯೇ ಬದುಕಿದವರು ಅದರಲ್ಲೂ ಇಲ್ಲ; ಅವರ ಮಕ್ಕಳು ಈ ದಫ್ತರ ಬಿಟ್ಟು ಬೇರೆ ಕಡೆ ಹುಡುಕಬೇಕು.

ಬೇರೆ ಕಡೆ ಎಂದ ಕೂಡಲೇ ಹೆಳವರ ನೆನಪಾಗುತ್ತದೆ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಬಂದು, ಮನೆಯ ಮುಂದೆ ವಂಶ ಹೊಗಳಿ, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು, ಕಾಳು ಬಟ್ಟೆ ಪಡೆದು ಹೋಗುವವರು. ಇದೇ ಕೆಲಸವನ್ನು ತೆಲುಗು ಕಡೆ ರೆಡ್ಡಿ ಕಾಪುಗಳ ಮನೆಗೆ ಪಿಚ್ಚಿಗುಂಟ್ಲವರು ಮಾಡುತ್ತಾರೆ. ಹರಿದ್ವಾರದ ಪಂಡರ ವಹಿಗಳನ್ನು ಅಮೆರಿಕದ ವಂಶಾವಳಿ ಸಂಸ್ಥೆಯವರು ಮೈಕ್ರೋಫಿಲ್ಮ್ ಮಾಡಿಸಿ ಇಟ್ಟಿದ್ದಾರೆ. ಹೆಳವರ ಕಟ್ಟುಗಳಿಗೆ ಅಷ್ಟು ದೊಡ್ಡ ಪ್ರಯತ್ನ ನಡೆಯಬೇಕು. ಆದರೆ ಹೆಳವರನ್ನು ಕುರಿತ ಭಾವುಕತೆ ನನಗೆ ಒಪ್ಪಿಗೆಯಿಲ್ಲ. ಕೊಡುವ ಕೈ ಇದ್ದ ಮನೆಗಳನ್ನೇ ಅವರು ನೆನಪಿಟ್ಟರು, ಅದರಲ್ಲೂ ಹೆಚ್ಚಾಗಿ ಗಂಡು ಸಂತತಿಯನ್ನು. ಹೊಗಳಿ ಕಾಳು ಪಡೆಯುವವನು ಮನೆಯ ಅಪಕೀರ್ತಿಯನ್ನು ಅಂಗಳದಲ್ಲಿ ಹಾಡುವನೇ?

ಪಹಣಿ, ಮುಂತಖಬ್, ಹೆಳವನ ಕಟ್ಟು ಎಲ್ಲದರಲ್ಲೂ ಕಾಣೆಯಾದವಳು ಒಬ್ಬಳೇ. ಖಾತೆಯಲ್ಲಿ ಹೆಂಗಸು ಕಂಡರೆ ಅವಳು ಬಹುಮಟ್ಟಿಗೆ ವಿಧವೆ, ಮಗ ದೊಡ್ಡವನಾಗುವವರೆಗೆ. ಮಗಳು ಕಂಡದ್ದು ಕಾನೂನು ಅವಳನ್ನು ಕರೆದ ಮೇಲೆ. ಅದರಲ್ಲೂ ಹೊಳೆಯ ಈಚೆಗೊಂದು, ಆಚೆಗೊಂದು ತಾರೀಖು. ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಂತೆಯೇ ಹಕ್ಕು ಕೊಡುವ ತಿದ್ದುಪಡಿ ಆಂಧ್ರದಲ್ಲಿ 1985ರ ಸೆಪ್ಟೆಂಬರಿನಿಂದ ಜಾರಿಗೆ ಬಂತು, ಕರ್ನಾಟಕದಲ್ಲಿ 1994ರ ಜುಲೈಯಿಂದ. ಎರಡರಲ್ಲೂ ಅಷ್ಟರೊಳಗೆ ಮದುವೆಯಾದವಳಿಗೆ ಹಕ್ಕಿರಲಿಲ್ಲ. ಕೇಂದ್ರದ ತಿದ್ದುಪಡಿ 2005ರದ್ದು. 1990ರಲ್ಲಿ ಮದುವೆಯಾದ ಮಾಗನೂರಿನ ಮಗಳು ಕಾಗದದ ಮೇಲೆ ವಾರಸುದಾರಳು. ಅದೇ ವರ್ಷ ರಾಯಚೂರಿನಿಂದ ಮಾಗನೂರಿಗೆ ಸೊಸೆಯಾಗಿ ಬಂದವಳಿಗೆ 2005ರವರೆಗೆ ತವರಿನ ಕಾಗದದಲ್ಲಿ ಆ ಸ್ಥಾನವಿರಲಿಲ್ಲ. ಹಕ್ಕು ಬಂದ ಮೇಲೂ ಎಷ್ಟೋ ಹೆಣ್ಣುಮಕ್ಕಳ ಹೆಸರು ದಫ್ತರಕ್ಕೆ ಏರಿದ್ದು ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ದಿನವೇ.

ಈ ಸೀಮೆಗೆ ಇದು ಸಣ್ಣ ಕೊರತೆಯಲ್ಲ. ಮಾಗನೂರಿನ ಮನೆಗಳಲ್ಲಿ ಕನ್ನಡ ಉಳಿದದ್ದರಲ್ಲಿ ಕಚೇರಿಯ ಪಾಲು ಕಡಿಮೆ. ರಾಯಚೂರು, ಸೈದಾಪುರ, ಗುರುಮಿಠಕಲ್ ಕಡೆಯಿಂದ ಸೊಸೆಯರು ಬಂದರು, ಇಲ್ಲಿಯ ಹೆಣ್ಣುಮಕ್ಕಳು ಅಲ್ಲಿಗೆ ಹೋದರು, 1956ರ ಗೆರೆ ಮದುವೆಗಳನ್ನು ತಡೆಯಲಿಲ್ಲ. ಆ ಹೋಗಿಬರುವಿಕೆಯ ಒಂದು ಸಾಲೂ ಕಂದಾಯದ ಪುಸ್ತಕದಲ್ಲಿಲ್ಲ. ಹಾಗಾಗಿ ತಹಸೀಲ್ ಕಚೇರಿಯ ಕಾಗದದಿಂದಷ್ಟೇ ಕಟ್ಟಿದ ವಂಶವೃಕ್ಷ ಅರ್ಧ ಸತ್ಯ, ಅದರಲ್ಲೂ ಕನ್ನಡದ ಅರ್ಧವನ್ನು ಬಿಟ್ಟದ್ದು ಎಂಬುದು ನನ್ನ ತೀರ್ಮಾನ.

ಹುಡುಕಲು ಹೊರಟವರಲ್ಲಿ ಒಂದು ಮನವಿ. ಮನೆಯಲ್ಲಿ ಎಂಬತ್ತು ದಾಟಿದ ಹೆಣ್ಣುಮಕ್ಕಳಿದ್ದರೆ ಮೊದಲು ಅವರ ಮುಂದೆ ಕೂತು ತವರೂರು, ತಾಯಿಯ ತವರೂರು, ಅಲ್ಲಿಯ ಮನೆದೇವರು, ಕೊಟ್ಟುತಂದ ಊರುಗಳನ್ನು ಬರೆದುಕೊಳ್ಳಿ. ಖಾಸ್ರಾ ಪಹಣಿಯ ನಕಲಿಗೆ ಮುಂದಿನ ವರ್ಷ ಅರ್ಜಿ ಹಾಕಿದರೂ ನಡೆಯುತ್ತದೆ.