ಗಣಕಭಾಷೆಯ ಪಕ್ಷಾರ್ಥೋಕ್ತಿಯಲ್ಲಿ ಉತ್ಸರ್ಗಾಪವಾದಗಳ ಸ್ಥಾನ

ಕನ್ನಡದಲ್ಲಿ ‘ಬಂದರೆ’, ‘ಹೋದರೆ’ ಎಂಬ ಪಕ್ಷಾರ್ಥಕ ರೂಪಗಳು ತಾವೇ ವಾಕ್ಯವನ್ನು ಮುಗಿಸಲಾರವು. ಮುಂದಣ ಕ್ರಿಯೆಯನ್ನು ಅಪೇಕ್ಷಿಸುವುವು. ಫಂಕ್ಷನಲ್ ಎಂಬ ವರ್ಗದ ಗಣಕಭಾಷೆಗಳಲ್ಲಿ ಈ ಅಪೇಕ್ಷೆಯು ಇನ್ನೂ ಬಲವಾದುದು. ಅಲ್ಲಿ ಪಕ್ಷಾರ್ಥೋಕ್ತಿಯೆಂಬುದು ಆಜ್ಞೆಯಲ್ಲ, ಫಲವೊಂದನ್ನು ಕೊಡತಕ್ಕ ಉಕ್ತಿ. ಆದಕಾರಣ ಪಕ್ಷವು ಸುಳ್ಳಾದಾಗ ಫಲವೇನೆಂಬುದನ್ನೂ ಹೇಳಲೇಬೇಕು. ಹ್ಯಾಸ್ಕೆಲ್ ಭಾಷೆಯು ‘ಇಲ್ಲದಿದ್ದರೆ’ ಎಂಬ ಶಾಖೆಯನ್ನು ಕಡ್ಡಾಯಮಾಡಿ, ಎರಡು ಶಾಖೆಗಳ ಫಲವೂ ಒಂದೇ ಜಾತಿಯದಾಗಿರಬೇಕೆಂದು ವಿಧಿಸಿರುವುದು ಯುಕ್ತವಾಗಿದೆ. ಸ್ಕೀಮ್ ಭಾಷೆಯು ಆ ಶಾಖೆಯನ್ನು ಬಿಡಲು ಅವಕಾಶವಿತ್ತು, ಆಗಣ ಫಲವನ್ನು ಅನಿರ್ದಿಷ್ಟವೆಂದಿರುವುದು ದೋಷವೇ ಸರಿ.

ಪಕ್ಷಗಳು ಹಲವಾದಾಗ ಕ್ರಮದ ಪ್ರಶ್ನೆಯು ಹುಟ್ಟುವುದು. ಜಾನ್ ಮೆಕಾರ್ಥಿಯವರು ಲಿಸ್ಪ್ ಭಾಷೆಯನ್ನು ಕುರಿತು 1960ರಲ್ಲಿ ಪ್ರಕಟಿಸಿದ ಲೇಖನದಂತೆ, ಪಕ್ಷಗಳನ್ನು ಮೊದಲಿನಿಂದ ಪರೀಕ್ಷಿಸುತ್ತ ಬಂದು, ಮೊತ್ತಮೊದಲು ನಿಜವಾದುದರ ಫಲವನ್ನೇ ಗ್ರಹಿಸತಕ್ಕದ್ದು. ಪಾಣಿನೀಯರ ಮಾರ್ಗವು ಬೇರೆ. ಅಲ್ಲಿ ಉತ್ಸರ್ಗವೆಂಬ ಸಾಮಾನ್ಯವಿಧಿಯು ಎಲ್ಲಿಯೇ ಇರಲಿ, ಅಪವಾದವೆಂಬ ವಿಶೇಷವಿಧಿಯು ಅದನ್ನು ಬಾಧಿಸುವುದು. ಅಪವಾದಕ್ಕೆ ಬಲವು ಬರುವುದು ಸ್ಥಾನದಿಂದಲ್ಲ, ವಿಷಯದ ಸಂಕೋಚದಿಂದ.

ಈ ಭೇದದ ಪರಿಣಾಮವನ್ನು ಮಾಗಡಿ ತಾಲ್ಲೂಕಿನ ಸಾವನದುರ್ಗದ ದೃಷ್ಟಾಂತದಿಂದ ತಿಳಿಯಬಹುದು. ಕರಿಗುಡ್ಡ ಬಿಳಿಗುಡ್ಡಗಳುಳ್ಳ ಈ ಶಿಲಾಗಿರಿಯು ಸಮುದ್ರಮಟ್ಟದಿಂದ ಸುಮಾರು 1,226 ಮೀಟರು ಎತ್ತರವಾದುದು. ಮಳೆಯಲ್ಲಿ ಅದರ ಬಂಡೆ ಜಾರುವುದು. ಯಾತ್ರಿಕನಿಗೆ ಸಲಹೆ ಕೊಡುವ ಉಕ್ತಿಯು ಹೀಗಿರಲಿ: ‘ಹಗಲಾದರೆ ಹತ್ತುವುದು, ಹಗಲಾಗಿದ್ದು ಬಂಡೆ ನೆನೆದಿದ್ದರೆ ತಪ್ಪಲಿನ ನರಸಿಂಹಸ್ವಾಮಿಯ ಗುಡಿಯಲ್ಲಿ ತಂಗುವುದು, ಇಲ್ಲದಿದ್ದರೆ ಹಿಂದಿರುಗುವುದು.’ ಕೇಳಿದ ಮನುಷ್ಯನು ಎರಡನೆಯದನ್ನು ಅಪವಾದವೆಂದರಿತು, ಮಳೆ ಬಂದಾಗ ಗುಡಿಯಲ್ಲಿ ತಂಗುವನು. ಲಿಸ್ಪಿನ ಯಂತ್ರವಾದರೋ ಹಗಲೆಂದು ಕಂಡೊಡನೆ ‘ಹತ್ತುವುದು’ ಎಂಬ ಫಲವನ್ನು ಕೊಡುವುದು. ನೆನೆದ ಬಂಡೆಯ ಪಕ್ಷವನ್ನು ಅದು ಎಂದಿಗೂ ಮುಟ್ಟದು. ಉಕ್ತಿಯು ವ್ಯಾಕರಣಶುದ್ಧವೇ, ಜಾರಿ ಬೀಳುವವನು ಮಾತ್ರ ಯಾತ್ರಿಕ.

ಹಾಗಾದರೆ ಪಾಣಿನೀಯಕ್ರಮವನ್ನೇ ಗಣಕಭಾಷೆಗೆ ವಿಧಿಸಬಹುದಲ್ಲವೇ ಎಂದರೆ, ಅದು ಸಾಧುವಲ್ಲ. ಯಾವ ಪಕ್ಷವು ಯಾವುದರ ಒಳಗೆ ಅಡಗಿದೆಯೆಂಬುದನ್ನು ವ್ಯಾಖ್ಯಾನಕಾರನು ವಿವೇಚಿಸಿ ನಿಶ್ಚಯಿಸುವನು. ಎಲ್ಲ ಪಕ್ಷಗಳಲ್ಲಿಯೂ ಹಾಗೆ ನಿಶ್ಚಯಿಸುವ ಯಾಂತ್ರಿಕ ವಿಧಾನವಿಲ್ಲ. ಆದುದರಿಂದ ಮೆಕಾರ್ಥಿಯವರ ಕ್ರಮವೇ ಗ್ರಾಹ್ಯ. ಆದರೆ ಅದರಲ್ಲಿ ವ್ಯಾಖ್ಯಾನಕಾರನ ಭಾರವು ಬರೆಯುವವನ ಮೇಲೆ ಬೀಳುವುದು: ಅಪವಾದವನ್ನು ಮೊದಲು, ಉತ್ಸರ್ಗವನ್ನು ಅನಂತರ ಬರೆಯತಕ್ಕದ್ದು. ಪದಾರ್ಥದ ಆಕೃತಿಯನ್ನು ನೋಡಿ ಶಾಖೆಯನ್ನು ಆರಿಸುವ ಪ್ರಕಾರದಲ್ಲಿ, ಎಂದೂ ತಲಪಲಾಗದ ಶಾಖೆಯಿದ್ದರೆ ಒಕ್ಯಾಮಲ್ ಭಾಷೆಯ ಅನುವಾದಕಯಂತ್ರವು ಎಚ್ಚರಿಸುವುದು. ತಿಳಿಯಬಹುದಾದ ಮಟ್ಟಿಗೆ ಇತರ ಪಕ್ಷಗಳಲ್ಲಿಯೂ ಹಾಗೆ ಎಚ್ಚರಿಸುವುದು ಭಾಷಾಕರ್ತೃಗಳ ಕರ್ತವ್ಯ.